ಗಂಟೆಹಾದಿಯ ಒಂದು ಗೇಣು

ಧಾರವಾಡ
೨೧೫೮, ಎರಡನೇ ಬೇಸಿಗೆಯ ನಲವತ್ತನೇ ದಿನ

ಪ್ರಿಯ ಜೀವನಲತಾ ಅವರಿಗೆ,

ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಪತ್ರ ಮುಟ್ಟುವಾಗ ನಿಮಗೆ ಇಪ್ಪತ್ತೇಳು, ನನಗೆ ಹದಿನೆಂಟು. ಹಾಗಾಗಿ ಅಕ್ಕಾರೆ ಎನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಾರೀಖು ನೋಡಿ ಗಾಬರಿಯೂ ಬೇಡ. ನಮ್ಮಲ್ಲಿ ಮಳೆ ಮುಗಿದ ಮೇಲೆ ಇನ್ನೊಂದು ಬೇಸಿಗೆ ಬರುತ್ತದೆ. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್. ಫಸ್ಟ್ ಇಯರ್ ಪರೀಕ್ಷೆ ಬಿಟ್ಟು ಮನೆಗೆ ಬಂದಿದ್ದೇನೆ. ನಿಮ್ಮ ಮೊಮ್ಮಗಳು ರೂತಮ್ಮ, ನನ್ನ ಅಜ್ಜಿ, ಒಳಕೋಣೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಾಳೆ. ತಪ್ಪುಗಳಿದ್ದರೆ ಸಾರಿ.

ನಮ್ಮ ಗಂಟೆಹಾದಿಯ ಹಿಂದಿನ ಕಥೆ ನಿಮಗೆ ಗೊತ್ತು, ಮುಂದಿನದು ಗೊತ್ತಿಲ್ಲ. ಚರ್ಚಿನ ಗಂಟೆಯ ಕಡೆಗೆ ಹೋಗುವ ಕಾಲುಹಾದಿ, ಅದರ ಎರಡೂ ಬದಿಗೆ ಮುಖಾಮುಖಿ ಬಂಗಲೆಗಳು. ಗಾಡಿಗಳೆಲ್ಲ ಹಿತ್ತಲ ಗಲ್ಲಿಯಲ್ಲಿ, ಮುಂದಿನ ಹಾದಿ ಕಾಲಿಗೆ ಮಾತ್ರ. ಯಾರೇ ತೀರಿಕೊಂಡರೂ ಪೆಟ್ಟಿಗೆ ಇದೇ ಹಾದಿಯಲ್ಲಿ ಚರ್ಚಿಗೆ ಹೋಗುತ್ತಿತ್ತು. ಪ್ರತಿ ಮನೆಯವರೂ ತಮ್ಮ ಕಾಂಪೌಂಡಿನ ಉದ್ದಕ್ಕೆ ಹೆಗಲು ಕೊಡಬೇಕು, ಸತ್ತವರ ಜೊತೆ ಮಾತು ಬಿಟ್ಟಿದ್ದರೂ ಕೊಡಬೇಕು. ಅದಕ್ಕೇ ಹಾದಿ ಅಷ್ಟು ಅಗಲವಿತ್ತು.

ನೀವು ಮಲ್ಲಿಗೆ ಬಳ್ಳಿಗೆಂದು ಗೋಡೆಯನ್ನು ಒಂದು ಗೇಣು ಮುಂದೆ ಕಟ್ಟಿಸುತ್ತೀರಿ. ಹೂವು ಚೆನ್ನಾಗಿಯೇ ಬಿಡುತ್ತದಂತೆ. ಆಗ ಪಕ್ಕದ ಮನೆಯವರು, “ಅಕ್ಕಾರು ಒಂದ್ ಗೇಣು ತಗೊಂಡಾರ, ನಾವೂ ತಗೊಂಡ್ರ ಆಕಾಶ ಕಳಚಿ ಬೀಳತೈತೇನು?” ಅನ್ನುತ್ತಾರೆ. ಆಮೇಲೆ ಬಿಸಿಲು ಬಲಿತು ಎಲ್ಲರೂ ಗೋಡೆಯ ಆಚೆಗೊಂದು ನೆರಳುಗೋಡೆ ಎಬ್ಬಿಸಿದರು. ಅಂದರೆ ಬಿಸಿಲು ತಡೆಯುವ ಎರಡನೇ ಗೋಡೆ. ಅದನ್ನೂ ಹಾದಿಯ ಮೇಲೆಯೇ ಕಟ್ಟಿದರು. ಈಗ ನಾನು ಇಲ್ಲಿ ಅಡ್ಡಲಾಗಿ ತಿರುಗಿ ನಡೆಯುತ್ತೇನೆ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಹಿಂದಕ್ಕೆ ಸರಿಯಬೇಕು.

ಸತ್ತವರನ್ನು ಹಿತ್ತಲಿನಿಂದ ಒಯ್ಯುಗಾಡಿ ಎತ್ತಿಕೊಂಡು ಹೋಗುತ್ತದೆ. ಅದು ಓಡಿಸುವ ಆಳಿಲ್ಲದ ಗಾಡಿ, ಬೆಳಿಗ್ಗೆ ಕಸಕ್ಕೆ ಬರುವುದೂ ಅದೇ. ಹೆಗಲು ಕೊಡಲು ಯಾರೂ ಬರುವುದಿಲ್ಲ. ಅಜ್ಜಿ ಒಂದೇ ಮಾತು ಹಿಡಿದಿದ್ದಾಳೆ: “ಮುಂದಿನ ಬಾಗಲದಾಗ ಆಡಿ ಬೆಳದಾಕಿ ನಾನು. ಹಿತ್ತಲದಿಂದ ಒಯ್ದ್ರ ನಾನೂ ಕಸಾನ ಆದೆ, ಹೌದಿಲ್ಲೋ?”

ನಾನು ಮನೆಮನೆಗೆ ಹೋಗಿ ನೆರಳುಗೋಡೆ ಒಡೆಯಿರಿ ಎಂದು ಕೇಳಿದೆ. ಎದುರು ಮನೆಯ ಸ್ಯಾಮಣ್ಣ ನಕ್ಕ. “ಮೊದಲ ಹೊರಗ ಬಂದವ್ರು ನಿಮ್ಮ ಮನ್ಯಾವ್ರು. ಮೊದಲ ನೀವ ಒಳಗ ಹೋಗ್ರಿ.” ನ್ಯಾಯವೇ ಅನ್ನಿಸಿತು. ನಾನೂ ಅಪ್ಪನೂ ಸೇರಿ ನಮ್ಮ ಎರಡೂ ಗೋಡೆ ಒಡೆದೆವು. ಸ್ಯಾಮಣ್ಣ ಬಂದು ನಿಂತು, “ಈಗ ಗಾಳಿ ಚಲೋ ಆಡಾಕತ್ತೈತಿ ನೋಡ್ರಿ,” ಅಂದ. ಮರುದಿನ ತೆರವಾದ ಜಾಗದಲ್ಲಿ ತನ್ನ ನೀರಿನ ಡ್ರಮ್ಮು ತಂದಿಟ್ಟ. ಉಳಿದವರು ಯಾರೂ ಒಂದು ಇಟ್ಟಿಗೆಯನ್ನೂ ಅಲುಗಾಡಿಸಲಿಲ್ಲ.

ಸುತ್ತಿಗೆಯ ಸದ್ದು ಕೇಳಿ ಅಜ್ಜಿ ಕಣ್ಣು ತೆರೆದಿದ್ದಳು. “ಹಾದಿ ಆತೇನು?” ಎಂದಳು. ಆತು ಅಂದೆ. ಅವಳು ನನ್ನ ಕೈ ಒತ್ತಿದಳು. ಅಪ್ಪ ಒಯ್ಯುಗಾಡಿಗೆ ಅವಳ ಹೆಸರು ಬರೆಸಿಯಾಗಿದೆ. ಅವಳಿಗೆ ಯಾರೂ ಹೇಳಿಲ್ಲ.

ಅಕ್ಕಾರೆ, ನಿಮ್ಮ ಮನೆಗೆ ಸೋಮವಾರ ಗೌಂಡಿ ಬರುತ್ತಾನೆ. ದಾರ ಹಿಡಿದು, ಗೋಡೆ ಎಷ್ಟು ಮುಂದಕ್ಕೆ ಎಂದು ಕೇಳುತ್ತಾನೆ. ಚಹಾ ಕೊಟ್ಟು ಕಳಿಸಿಬಿಡಿ.

ನಿಮ್ಮ,
ಏಪ್ರೆಮ