ಹೊಳೆಆಲೂರಿನಲ್ಲಿ ಹಲಗೆ ನಿಂತ ಹೊತ್ತು

ಪ್ರೀತಿಯ ಕಾಕಾ,

ಗುಲಾಬಿ ಆರಾಮಿದ್ದಾಳೆ. ನೀನು ಮೊದಲು ಕೇಳುವುದು ಅದನ್ನೇ, ನನ್ನ ಕ್ಷೇಮಸಮಾಚಾರ ಆಮೇಲೆ ಎಂದು ಗೊತ್ತಿದ್ದೇ ಈ ಮಾತನ್ನು ಮೊದಲು ಬರೆದೆ. ಹುರುಳಿ ತಿನ್ನುತ್ತಾಳೆ, ಈಗಲೂ ನನ್ನ ಸೆರಗು ಜಗ್ಗುತ್ತಾಳೆ.

ನೆನಪಿದೆಯೇ, ಗಜೇಂದ್ರಗಡದಲ್ಲಿ ಒಂದು ಮದುವೆ ಮೆರವಣಿಗೆಯಲ್ಲಿ ಗುಲಾಬಿಯನ್ನು ಕುಣಿಸಿ ಬಂದು ನಮ್ಮ ಕಟ್ಟೆಯ ಮೇಲೆ ಅಂಗಾಲು ತಿಕ್ಕಿಕೊಳ್ಳುತ್ತ ಕೂತಿದ್ದೆ. "ಮ್ಯಾಲೆ ಕುಂತಾವ ಮದುಮಗ, ಲಗಾಮ ಹಿಡದು ನಡದಾವ ನಾನು. ಒಂದ್ ಸಲ ಈಕಿ ಮ್ಯಾಲೆ ಕುಂತು ಹೊಳಿ ತನಕ ಹೋಗಬೇಕ ನೀಲಾ. ಹಲಗಿ ಇಲ್ಲ, ಬ್ಯಾಂಡ್ ಇಲ್ಲ. ಬರೀ ದಾರಿ," ಅಂದಿದ್ದೆ. ಹೋಗೋಣ ಹೋಗೋಣ ಅನ್ನುತ್ತಲೇ ಲಗ್ನಸರಾಯಿ ಮುಗಿಯಿತು, ಇನ್ನೊಂದು ಬಂತು. ಆಮೇಲೆ ನಿನ್ನ ಎದೆನೋವು, ನೀನು ಹೋದದ್ದು... ಇರಲಿ.

ನರಗುಂದದ ಬಸಪ್ಪಣ್ಣನ ಅಂಗಳದಲ್ಲಿ ನಿಂತಾಗ ನಿನ್ನ ಮಾತೇ ಬಾಯಿಗೆ ಬಂತು. ನಿನ್ನ ಹಾಗೆ ಅವನೂ ಮದುವೆ ಕುದುರೆ ಸಾಕಿದವನಲ್ಲವೇ, ಒಪ್ಪಿಯಾನು ಅಂದುಕೊಂಡಿದ್ದೆ. ನಾನು ನಡೆಸಬೇಕೆಂದಿದ್ದ ದೂರದ ಸವಾರಿಯ ವಿಷಯ ಹೇಳಿದೆ: ಗಜೇಂದ್ರಗಡದಿಂದ ರೋಣ, ಅಲ್ಲಿಂದ ಸವಡಿ ಹಾಯ್ದು ಹೊಳೆದಂಡೆಯ ಹೊಳೆಆಲೂರು. ದಾರಿಯಲ್ಲಿ ನೀರು, ವಿಶ್ರಾಂತಿ, ತಪಾಸಣೆ. ತಲುಪಿದ ಮೇಲೆ ಕೊಟ್ಟ ಹೊತ್ತಿನೊಳಗೆ ಕುದುರೆಯ ಎದೆಬಡಿತ ಇಳಿಯಬೇಕು, ಕಾಲು ಕುಂಟಬಾರದು. ಇಲ್ಲದಿದ್ದರೆ ಎಲ್ಲರಿಗಿಂತ ಮೊದಲು ಬಂದರೂ ಬಂದಂತಲ್ಲ. ಅವನು ಬಿದ್ದು ಬಿದ್ದು ನಕ್ಕ. "ಓಡಿಸಿದಾವ ಸೋಲತಾನ, ನಿಂತಾವ ಗೆಲ್ಲತಾನ? ಅಂಥಾ ಆಟ ಯಾರ ಆಡ್ತಾರವಾ? ಮದುವಿ ಕುದುರಿ ಕುಣ್ಯಾಕಷ್ಟ ಹುಟ್ಟೇತಿ. ನಿನ್ನ ಗುಲಾಬಿ ಹೊಳಿಆಲೂರು ಮುಟ್ಟಿ ಪಾಸಾತಂದ್ರ ನನ್ನ ಮೀಸಿ ಬೋಳಸ್ತೇನಿ."

ರೋಣದಲ್ಲೂ ಮನೆಮನೆಗೆ ಹೋದೆ. ಕುದುರೆ ಇದ್ದವರೆಲ್ಲ ಚಹಾ ಕೊಟ್ಟರು, ಮಾತು ಕೊಡಲಿಲ್ಲ. "ನೀವ ಮೊದಲ ಹೋಗಿ ಬರ್ರಿ ಟೀಚರ್, ಆಮ್ಯಾಲೆ ನೋಡೂಣು" ಅಂದರು. ಕೊನೆಗೆ ಉಳಿದವರು ನಾನು ಮತ್ತು ಹಾಲು ಮಾರುವ ಒಬ್ಬ ತರುಣ. ಗುಲಾಬಿ ಸೋತರೆ ಈ ದಾರಿಗೆ ಇನ್ನು ಯಾರೂ ಕುದುರೆ ಬಿಡುವುದಿಲ್ಲ ಎಂದು ನನಗೆ ಸ್ಪಷ್ಟವಿತ್ತು. ಅದಕ್ಕೇ ಹಟ ಹಿಡಿದೆ. ನಿನ್ನ ಅಣ್ಣನ ಮಗಳು, ಮತ್ತೆ ಹೇಗಿದ್ದೇನು?

ಚಳಿಗಾಲವೆಲ್ಲ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಅವಳನ್ನು ಹೊಲದ ದಾರಿಗೆ ಕರೆದೊಯ್ದೆ. ಟ್ರ್ಯಾಕ್ಟರಿನಲ್ಲಿ ಹಾಡು ಹಾಕಿದರೆ ಸಾಕು, ನಡುದಾರಿಯಲ್ಲೇ ಕುಣಿತ! ನೀನು ಕಲಿಸಿದ್ದು ಅಷ್ಟು ಸುಲಭಕ್ಕೆ ಬಿಟ್ಟೀತೇ? ಬೈದೆ, ಬೆಲ್ಲ ಕೊಟ್ಟೆ, ಮತ್ತೆ ನಡೆಸಿದೆ. ಸಣ್ಣ ದುಡಕಿಯಲ್ಲಿ, ನಡಿಗೆಯೂ ಅಲ್ಲದ ನಾಗಾಲೋಟವೂ ಅಲ್ಲದ ಆ ಓಟದಲ್ಲಿ, ಉಸಿರು ಕೆಡದಂತೆ ಹೋಗುವುದು ಅವಳಿಗೂ ಬಂತು, ನನಗೂ ಬಂತು.

ಸವಾರಿಯ ದಿನ, ಹಾಲಿನ ತರುಣ ಹಿಂದೆ ಉಳಿದು ನಾನು ಸವಡಿ ದಾಟಿದಾಗ ಬಸಪ್ಪಣ್ಣನ ಮೀಸೆ ನೆನಪಾಗಿ ಒಬ್ಬಳೇ ನಕ್ಕೆ. ಜೋಳ ಕೊಯ್ದ ಹೊಲಗಳು, ಬಿಸಿಲು ಏರುವ ಹೊತ್ತು. ಹೊಳೆಆಲೂರು ಹತ್ತಿರವಾದಾಗ ಇಳಿದು, ನಿನ್ನ ಹಾಗೇ ಎಡಗಡೆ ಲಗಾಮು ಹಿಡಿದು ನಡೆದೆ. ಅವಳ ಮೈ ಆರಲಿ ಅಂತ. ಎಲ್ಲ ಸರಿಯಿತ್ತು ಕಾಕಾ, ಊರ ಬಾಯಿಗೆ ಬರುವವರೆಗೆ.

ಅಲ್ಲಿ ಊರವರು ನಮ್ಮನ್ನು ಸ್ವಾಗತಿಸಲು ಹಲಗೆ ಮೇಳ ಕಟ್ಟಿಕೊಂಡು ನಿಂತಿದ್ದರು! ನಮ್ಮ ಜನರ ಪ್ರೀತಿಯೇ ಹಾಗಲ್ಲವೇ, ಸದ್ದಿಲ್ಲದೆ ಸನ್ಮಾನವೇ ಇಲ್ಲ. ಮೊದಲ ಪೆಟ್ಟು ಬಿದ್ದದ್ದೇ ತಡ, ಗುಲಾಬಿ ಕೊರಳು ಬಾಗಿಸಿ ಕುಣಿಯತೊಡಗಿದಳು. ದನದ ದವಾಖಾನೆಯ ಡಾಕ್ಟರ್ ಬಾಯಿಯವರು ಅವಳ ಎದೆಗೆ ಕೊಳವೆ ಹಚ್ಚಿ ಗಡಿಯಾರ ನೋಡಿದರು. "ಬಡಿತ ಏರಾಕತ್ತೈತ್ರಿ. ಹೊತ್ತು ಭಾಳ ಉಳಿದಿಲ್ಲ," ಅಂದರು.

ಮೇಳದ ಹಿರಿಯ ಹನುಮಪ್ಪಜ್ಜನ ಮುಂದೆ ಕೈಮುಗಿದೆ. "ನಿಲ್ಲಸ್ರಿ ಅಜ್ಜಾ."

"ಬಂದವರನ್ನ ಸುಮ್ಮ ಒಳಗ ಕರಕೊಂಡ್ರ ಊರ ಮರ್ಯಾದಿ ಏನವಾ?"

"ಆಕಿ ಎದಿ ತಣ್ಣಗಾದ್ರನ ನಾವು ಗೆದ್ದಂಗ್ರಿ. ಈಗ ಆಕಿಗೆ ನೀವು ಸುಮ್ಮಿರೂದ ಮರ್ಯಾದಿ."

ಅಜ್ಜ ಗುಲಾಬಿಯ ಬಡಿದುಕೊಳ್ಳುವ ಪಕ್ಕೆ ನೋಡಿದ. ಕೋಲು ಸೊಂಟಕ್ಕೆ ಸಿಕ್ಕಿಸಿ ಕೈ ಎತ್ತಿದ. ಹಲಗೆ ನಿಂತಿತು. ಮಂದಿಯೂ ಬಾಯಿ ಮುಚ್ಚಿತು. ಸ್ಟೇಷನ್ ಕಡೆ ರೈಲು ಕೂಗಿತು. ಎಲ್ಲರೂ ಅದನ್ನೇ ಶಪಿಸುವವರ ಹಾಗೆ ಆ ಕಡೆ ತಿರುಗಿದರು. ಗುಲಾಬಿ ಮಾತ್ರ ಎಡಕ್ಕೆ ಕತ್ತು ಹೊರಳಿಸಿದಳು, ನೀನು ಯಾವಾಗಲೂ ನಿಲ್ಲುತ್ತಿದ್ದ ಕಡೆಗೆ. ಅಲ್ಲಿ ನಾನಿದ್ದೆ. ನನ್ನ ಹೆಗಲ ಮೇಲೆ ಮುಖ ಇಟ್ಟು ಉದ್ದಕ್ಕೆ ಉಸಿರು ಬಿಟ್ಟಳು. ನನಗೆ ಅಳು ಬಂತು, ಆದರೆ ಅವಳು ಗಾಬರಿಯಾದಾಳೆಂದು ತಡೆದುಕೊಂಡೆ.

"ಇಳೀತ್ರಿ. ಕಾಲೂ ಚಲೋ ಅದಾವು. ಪಾಸ್," ಅಂದರು ಡಾಕ್ಟರ್ ಬಾಯಿಯವರು.

ಜನ ಹೋ ಎನ್ನುವಷ್ಟರಲ್ಲಿ ಅಜ್ಜನೇ ಗದರಿದ: "ತಡೀರ್ಯೋ, ಅಕಿ ನೀರ ಕುಡೀಲಿ!"

ಗುಂಪಿನ ಹಿಂದೆ ಬಸಪ್ಪಣ್ಣ ಟವೆಲಿನಿಂದ ಮೀಸೆ ಮುಚ್ಚಿಕೊಂಡು ನಿಂತಿದ್ದ. ಯಾವಾಗ ಬಂದಿದ್ದನೋ. ಮೆಲ್ಲಗೆ ಕೇಳಿದ, "ನಮ್ಮ ಕುದುರಿ ಶಂಕರನೂ ಹಿಂಗ ಸುಮ್ಮ ನಿಂತಾನೇನವಾ?" ಕಲಿಸಿದರೆ ನಿಲ್ಲುತ್ತಾನೆ, ಮೊದಲು ನೀವು ಏರಬೇಕು ಅಂದೆ. ಮೀಸೆ ಮಾಫಿ ಮಾಡಿದ್ದೇನೆ.

ದೀಪಾವಳಿ ಕಳೆದ ಮೇಲೆ ನರಗುಂದದ ಗುಡ್ಡದ ಬುಡಕ್ಕೆ ಮುಂದಿನ ಸವಾರಿ. ರೋಣದವರೂ ಈಗ ತಾವಾಗಿಯೇ ಹೆಸರು ಕೊಟ್ಟಿದ್ದಾರೆ. ಹನುಮಪ್ಪಜ್ಜ ಹಲಗೆ ಮನೆಯಲ್ಲಿಟ್ಟು ಬರುತ್ತಾನಂತೆ, ಮಂದಿಯನ್ನು ಸುಮ್ಮನಿರಿಸಲು. ಯಾರೂ ಬಾರದ ವರ್ಷವೂ ನಾನು ಈ ದಾರಿ ಬಿಡುವುದಿಲ್ಲ, ಇದು ನಿನಗೆ ಕೊಡುವ ಮಾತು.

ಮೊನ್ನೆ ಬಸಪ್ಪಣ್ಣ ಜೀವಮಾನದಲ್ಲಿ ಮೊದಲ ಸಲ ತನ್ನ ಕುದುರೆ ಏರಿದ. ಲಗಾಮು ನಾನು ಹಿಡಿದೆ. ಅಂಜುತ್ತಲೇ ಕೇಳಿದ, "ಮ್ಯಾಲಿಂದ ಹೊಳಿ ಕಾಣತೈತಂತ, ಖರೇನ?"

ಖರೇ ಕಾಕಾ. ಆ ದಿನ ಹೊಳೆಆಲೂರಿನ ಹತ್ತಿರ ಇಳಿಯುವ ಮೊದಲು ನೋಡಿದೆ. ದೂರದಿಂದಲೇ ಕಾಣುತ್ತದೆ, ಗುಲಾಬಿಯ ಎರಡು ಕಿವಿಗಳ ನಡುವೆ.

ನಿನ್ನ
ನೀಲಾ