ಎದುರುಮನೆಗೆ ಕೊಟ್ಟ ಕೀ

ಪ್ರೀತಿಯ ಅಕ್ಕ,

‘ಹೋದವಳಿಗಿಂತ ಉಳಿದವಳ ದಾರಿಯೇ ದೂರ’ ಎಂದೇನೋ ಒಂದು ಸಾಲನ್ನು ನೀನು ಓದಿ ಹೇಳುತ್ತಿದ್ದೆ. ಪೂರ್ತಿ ನೆನಪಿಲ್ಲ. ಅದು ನಿಜವೇ? ಉಳಿದವಳಿಗೆ ದಾರಿಯೇ ಎಲ್ಲಿರುತ್ತದೆ?

ವೀಸಾ ಸಿಗಲಿಲ್ಲ. ಹದಿನೈದು ದಿನಕ್ಕೂ ಯುರೋಪು ನನ್ನನ್ನು ಒಳಗೆ ಬಿಡುವುದಿಲ್ಲವಂತೆ. ನಿನ್ನ ಆಪರೇಷನ್ನಿಗೆ ನಾನು ಬರಲಾರೆ. ಭಾವ ಕಳಿಸಿದ ಆಹ್ವಾನ, ಆಸ್ಪತ್ರೆಯ ಪತ್ರ, ವಿಮೆ ಎಲ್ಲವೂ ಸರಿಯಾಗಿದ್ದವು. ವೀಸಾ ಕೌಂಟರಿನ ಗಾಜಿನಾಚೆಯ ಹುಡುಗಿ ಮೆಲ್ಲಗೆ, “ಇಲ್ಲಿ ನಿಮಗೋಸ್ಕರ ಕಾಯೋರು ಯಾರಿದಾರೆ ಮೇಡಂ?” ಎಂದಳು. ಏನೋ ಒಂದು ಹೇಳಿ ಮುಗಿಸಬಹುದಿತ್ತು. ಆದರೆ ನಾನು, “ನನಗಿರೋದು ಅಕ್ಕ ಒಬ್ಬಳೇ, ಅವಳು ಅಲ್ಲಿದಾಳೆ” ಎಂದೆ. ನಾನು ಹಿಂದಿರುಗುವ ನಂಬಿಕೆ ಅವರಿಗೆ ಬರಲಿಲ್ಲವೆಂದು ನಿನ್ನೆ ಉತ್ತರ ಬಂತು.

ನಿನಗೆಂದು ಹೆಣೆದ ಸ್ವೆಟರನ್ನು ಸೂಟ್‌ಕೇಸಿನಿಂದ ತೆಗೆದು ಅಂಚೆಗೆ ಹಾಕಿದ್ದೇನೆ. ಎಡತೋಳು ತುಸು ಉದ್ದವಾಗಿದೆ, ಮಡಚಿಕೋ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುನ್ನ ಫೋನನ್ನು ನಿನ್ನ ಕಿವಿಗೆ ಹಿಡಿಯಲು ಭಾವನಿಗೆ ಹೇಳು.

ನಿನ್ನ,
ತಂಗಿ

ಇದೊಂದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಹೋಗಿಯೇ ಹೋಗುತ್ತೇನೆಂಬ ಧೈರ್ಯದಲ್ಲಿ, ಗಿಡಗಳಿಗೆ ನೀರು ಹಾಕಲೆಂದು ಮನೆಯ ಕೀಯನ್ನು ಎದುರುಮನೆಯ ಅಜ್ಜಿಗೆ ಮೊದಲೇ ಕೊಟ್ಟಿದ್ದೆ. ಇವತ್ತು ಅದನ್ನು ವಾಪಸ್ ಕೇಳಲು ಹೋದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೀಯನ್ನು ಕೊಡದೆ, ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು.

“ಇಷ್ಟೆಲ್ಲ ಓದಿದೀಯ, ಯಾರೂ ಇಲ್ಲ ಅಂದ್ಬಿಟ್ಯಲ್ಲೇ! ಹಾಗಾದ್ರೆ ಈ ಕೀ ಇಟ್ಕೊಂಡು ನಾನು ಯಾರ ದಾರಿ ನೋಡ್ಬೇಕಿತ್ತು?”