ಬಿಟ್ಟು ಬಂದ ಕೌಜುಗ

ಅಭಾ, ೮ ನವೆಂಬರ್ ೨೦೧೩, ಶುಕ್ರವಾರ

ಮಂಡಿ ನೋಯುತ್ತಿದೆ. ಆದರೆ ನಿದ್ದೆ ಕೆಡಿಸಿದ್ದು ಮನೆಯ ಮುದುಕರ ಗೆಳೆಯರ ನಗು.

ಕಣ್ಣಿನ ಆಪರೇಷನ್ ಆದ ಮೇಲೆ ನಮ್ಮನ್ನು ಕೆಲಸಕ್ಕಿಟ್ಟ ಕಫೀಲರ ಅಪ್ಪ ಅಬೂ ಮಿಸ್ಫರ್‌ಗೆ ಗುರಿ ಸಿಗದು ಎಂದು ಆ ಗೆಳೆಯರು ಹಾಸ್ಯ ಮಾಡಿದ್ದರು. ಇವತ್ತೇ ಕೌಜುಗ ತಿನ್ನಿಸುತ್ತೇನೆಂದು ಮುದುಕರು ಮಾತು ಕೊಟ್ಟು, ಡ್ರೈವರ್ ಆದ ನನ್ನನ್ನೂ ಅಡುಗೆಯ ನಝೀಮನನ್ನೂ ಬೆಟ್ಟ ಹತ್ತಿಸಿದರು. ಸಂಜೆಯವರೆಗೆ ಸಿಕ್ಕಿದ್ದು ಮುಳ್ಳು ಮಾತ್ರ. ಕೊನೆಗೊಂದು ಕೌಜುಗ ಬಂಡೆಯಿಂದ ಹಾರಿತು. ಒಂದೇ ಗುಂಡಿಗೆ ಉರುಳಿತು. ಎತ್ತಿಕೊಂಡು ಹಲಾಲ್ ಕೊಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಮುದುಕರ ಮುಖ ಬಾಡಿತು. "ಹೊಡೆಯುವಾಗ ಬಿಸ್ಮಿಲ್ಲಾ ಹೇಳಲು ಮರೆತೆ. ಇದನ್ನು ತಿನ್ನುವಂತಿಲ್ಲ."

"ಹೇಳಿದ್ದೋ ಬಿಟ್ಟದ್ದೋ ಯಾರಿಗೆ ಗೊತ್ತುಂಟು ಮಾರಾಯ?" ಎಂದು ನಝೀಮ್ ನನ್ನ ಕಿವಿಯಲ್ಲಿ ಗೊಣಗಿದ. ನಮ್ಮ ಶಾಫಿ ಪಂಥದಲ್ಲಿ ಮರೆತರೆ ತೊಂದರೆಯಿಲ್ಲ ಎಂದು ನಾನೂ ವಕಾಲತ್ತು ಮಾಡಿದೆ.

"ಹೊಡೆದವನು ನೀನಲ್ಲವಲ್ಲ, ಯಾ ಜಲೀಲ್," ಎಂದು ಮುದುಕರು ಹಕ್ಕಿಯನ್ನು ಅಲ್ಲೇ ಬಿಟ್ಟು ಬೆಟ್ಟ ಇಳಿದರು.

ಊಟಕ್ಕೆ ಬಂದ ಗೆಳೆಯರಿಗೆ ಅಂಗಡಿ ಕೋಳಿ ಬಡಿಸಿ, ನಡೆದದ್ದನ್ನು ನಡೆದಂತೆ ಹೇಳಿದರು. "ಒಳ್ಳೆಯ ನೆವ!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಸಾಕ್ಷಿ ಹೇಳಲು ನಾನು ಬಾಯಿ ತೆರೆದೆ. "ಯಲ್ಲಾ, ಕಾಫಿ ಸುರಿ," ಎಂದು ತಡೆದು ತಾವೂ ನಕ್ಕರು.

ಗುರಿ ತಪ್ಪಲಿಲ್ಲ, ಗರಿ ತರಲಿಲ್ಲ. ಎಂಥ ಮನುಷ್ಯ! ನಾನಾಗಿದ್ದರೆ ಒಂದು ರೆಕ್ಕೆಯನ್ನಾದರೂ ಕಿಸೆಯಲ್ಲಿ ತಂದು ಅವರಿಗೆ ತೋರಿಸುತ್ತಿದ್ದೆ.